ಪ್ಲಂಬಿಂಗ್ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ: ಸತ್ಯಾಂಶ
‘ತರಬೇತಿ ಸರ್ಟಿಫಿಕೇಟ್ ಇದ್ದರೆ ಸಾಕು, ಪ್ಲಂಬರ್ ದೇಶದ ಯಾವ ಊರಲ್ಲಾದರೂ ಮೇನ್ ಪೈಪಿಗೆ ಕನೆಕ್ಷನ್ ಕೊಡಬಹುದು’ ಅಂತ ಒಂದು ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಸರ್ಟಿಫಿಕೇಟ್ ಅಂದ್ರೆ ಕೆಲಸ ಕಲಿತದ್ದರ ಗುರುತು, ಅಷ್ಟೇ. ಇಡೀ ದೇಶಕ್ಕೆ ಒಂದೇ ಪ್ಲಂಬರ್ ಲೈಸೆನ್ಸ್ ಇಲ್ಲ. ಬೆಂಗಳೂರಿನಲ್ಲಿ ಪ್ಲಂಬರ್ ಲೈಸೆನ್ಸ್ ಕೊಡುವುದು 1964ರ ಕಾಯ್ದೆಯಡಿ ಬಂದ ಜಲಮಂಡಳಿ. ಹೊಸ ಕನೆಕ್ಷನ್‌ಗೆ ಮಂಡಳಿಯ ಮಂಜೂರಾತಿ ಬೇಕು. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇರೆ.

ಯಾಕಿಷ್ಟು ಬಿಗಿ? ಎಷ್ಟೋ ಬೀದಿಗಳಲ್ಲಿ ಕುಡಿಯುವ ನೀರಿನ ಪೈಪು, ಒಳಚರಂಡಿ ಪೈಪು ಹತ್ತಿರದಲ್ಲೇ ಹೋಗುತ್ತವೆ. ಜಾಯಿಂಟ್ ಸಡಿಲವಾಗಿದ್ದರೆ, ನೀರು ಬಿಡುವುದು ನಿಂತು ಪೈಪಿನಲ್ಲಿ ಒತ್ತಡ ಇಳಿದಾಗ ಸುತ್ತಲಿನ ಕೊಳಕು ಒಳಗೆ ನುಗ್ಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಯೇ ಗಬ್ಬು ವಾಸನೆ. ಮಕ್ಕಳು ಕುಡಿಯೋ ನೀರು ಅದು, ಅಲ್ವಾ? ಗುದ್ದಲಿ ಬೀಳುವ ಮೊದಲೇ ಲೈಸೆನ್ಸ್ ನಂಬರ್, ಮಂಜೂರಾತಿ ಪತ್ರ ಎರಡನ್ನೂ ಕೇಳಿ ನೋಡಿ.