ಆ ಸಿಟ್ಟಿನಲ್ಲಿ ಅರ್ಧ ಸೆಕೆಯದ್ದು

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಪ್ಪನ ಮೇಲೆ ರೇಗಿಬಿಟ್ಟೆ. ಕಾರಣ ಕೇಳಿದರೆ ನಗುತ್ತೀರಿ. ಅವರು ಕಿಟಕಿ ತೆಗೆದರು, ಅಷ್ಟೇ. "ಸ್ವಲ್ಪ ಗಾಳಿ ಬರಲಿ ಬಿಡು" ಅಂದರು. "ಎಲ್ಲಿದೆ ಅಪ್ಪಾ ಗಾಳಿ? ಬರ್ತಿರೋದು ಬೆಂಕಿ" ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎಂದೋ ಮುಗಿದುಹೋದ ಜಗಳಗಳನ್ನೆಲ್ಲ ಎಳೆದು ತಂದೆ. ಅವರು ಏನೂ ಹೇಳದೆ ಕಿಟಕಿ ಮುಚ್ಚಿ ಒಳಗೆ ಹೋದರು. ಸಂಜೆ ಸ್ವಲ್ಪ ತಂಪಾದ ಮೇಲೆ ಕೂತು ಯೋಚಿಸಿದರೆ, ಅಷ್ಟು ಕೂಗಾಡುವಂಥದ್ದು ಏನಾಗಿತ್ತು ಅಂತ ನನಗೇ ಹೊಳೆಯಲಿಲ್ಲ. ನಾನು ಅಂಥವಳಲ್ಲ. ಅಂದರೆ, ಅಷ್ಟೊಂದು ಅಂಥವಳಲ್ಲ.

ಆಮೇಲೆ ಲೆಕ್ಕ ಹಾಕಿದೆ. ಅದಕ್ಕೂ ಹಿಂದಿನ ನಾಲ್ಕು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ದಿಂಬು ತಿರುವಿ ಹಾಕುವುದು, ಒಂದು ನಿಮಿಷ ತಂಪು, ಮತ್ತೆ ತಿರುವಿ ಹಾಕುವುದು. ಮೂರು ಗಂಟೆಗೆ ಎದ್ದು ಫ್ಯಾನಿನ ರೆಗ್ಯುಲೇಟರ್ ಇನ್ನೂ ತಿರುಗುತ್ತದಾ ಅಂತ ನೋಡುವುದು. ಅದು ಯಾವಾಗಲೋ ಕೊನೆಗೆ ಬಂದು ನಿಂತಿರುತ್ತದೆ.

ಬೇಸಿಗೆ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ನೀರು ಕುಡಿಯಿರಿ. ಸರಿ, ಕುಡಿಯೋಣ. ಆದರೆ ನಿದ್ದೆ ಆಯಿತಾ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಬೇಸಿಗೆಯ ಆರೈಕೆ ಶುರುವಾಗಬೇಕಾದದ್ದೇ ರಾತ್ರಿಯಿಂದ. ಹಗಲಿನ ಬಿಸಿಲನ್ನು ದೇಹ ಹೇಗೋ ತಡೆದುಕೊಳ್ಳುತ್ತದೆ, ರಾತ್ರಿ ಬಿಡುವು ಸಿಕ್ಕರೆ. ಆ ಬಿಡುವೂ ಸಿಗದಿದ್ದರೆ ಮೊದಲು ಕೆಡುವುದು ತಲೆ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಬಿಸಿ ಕೊಂಚ ಇಳಿಯಬೇಕು. ಹಗಲಲ್ಲಿ 37 ಡಿಗ್ರಿ ಆಸುಪಾಸು ಇರುವುದು ರಾತ್ರಿ ಸುಮಾರು 1 ಡಿಗ್ರಿಯಷ್ಟು ಕೆಳಗೆ ಬರುತ್ತದೆ. ಆ ಬಿಸಿಯನ್ನು ಹೊರಗೆ ಬಿಡುವುದರಲ್ಲಿ ಅಂಗೈ, ಅಂಗಾಲುಗಳದ್ದು ದೊಡ್ಡ ಪಾಲು. ನಿದ್ದೆಗಣ್ಣಲ್ಲೇ ಕಾಲು ಹೊದಿಕೆಯಿಂದ ಆಚೆ ಬರುತ್ತದಲ್ಲ, ಸುಮ್ನೆ ಅಲ್ಲ ಅದು. ಕೋಣೆಯೇ ಕಾದಿದ್ದರೆ ಈ ಬಿಸಿ ಹೋಗುವುದಾದರೂ ಎಲ್ಲಿಗೆ? ಅದಕ್ಕೇ ನಾನೀಗ ಮಲಗುವ ಮೊದಲು ಬಕೆಟ್ಟಿನಲ್ಲಿ ನೀರು ತುಂಬಿಸಿ ಹತ್ತು ನಿಮಿಷ ಕಾಲು ಇಳಿಬಿಟ್ಟು ಕೂರುತ್ತೇನೆ. ತೀರಾ ತಣ್ಣೀರಿನಲ್ಲಿ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಬಿಸಿ ಒಳಗೇ ಉಳಿಯುತ್ತದೆ. ಮಲಗುವ ಹೊತ್ತಿಗೆ ಉಗುರುಬೆಚ್ಚಗಿನ ನೀರೇ ವಾಸಿ.

ಇನ್ನು ಆ ಕಿಟಕಿ ವಿಷಯ. ಕೂಗಾಡಿದ್ದು ತಪ್ಪು, ಒಪ್ಪಿದೆ. ಆದರೆ ಕಿಟಕಿಯ ವಿಷಯದಲ್ಲಿ ನಾನು ಹೇಳಿದ್ದೇ ಸರಿ! ಒಳಗಿಗಿಂತ ಹೊರಗೆ ಜಾಸ್ತಿ ಬಿಸಿ ಇರುವಾಗ ಕಿಟಕಿ ಮುಚ್ಚಿ, ಪರದೆ ಎಳೆದಿಡಬೇಕು. ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆಗೆಯಬೇಕು. ಫ್ಯಾನನ್ನೂ ಅಷ್ಟೇ, ತಪ್ಪು ತಿಳಿದಿರುತ್ತೇವೆ. ಅದು ಗಾಳಿಯನ್ನು ತಂಪು ಮಾಡುವುದಿಲ್ಲ, ನಮ್ಮ ಬೆವರನ್ನು ಆರಿಸುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭ ಇಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಜೀವ ಹಿಂಡುವುದು ಇದಕ್ಕೇ. ಗಾಳಿಯೇ 40 ಡಿಗ್ರಿ ದಾಟಿದ್ದರೆ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಊದುತ್ತದೆ. ಆಗ ಮೈ ಒದ್ದೆ ಮಾಡಿಕೊಳ್ಳಬೇಕು.

ಮನಸ್ಸಿನ ಮಾತಿಗೆ ಬರೋಣ. ಚಳಿಗಾಲದಲ್ಲಿ ಮಂಕು ಕವಿಯುವ ಖಿನ್ನತೆಯ ಬಗ್ಗೆ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು 1984ರಲ್ಲಿ ಬರೆದರು. ಅದು ಅನೇಕರಿಗೆ ಗೊತ್ತು. ಆದರೆ ಥಾಮಸ್ ವೆರ್ ಎಂಬ ವೈದ್ಯರು ರೋಸೆಂತಾಲ್ ಜೊತೆ ಸೇರಿ 1987ರಲ್ಲಿ ಇದರ ತಿರುಗುಮುರುಗು ರೂಪದ ಬಗ್ಗೆಯೂ ಬರೆದಿದ್ದಾರೆ: ಬೇಸಿಗೆಯಲ್ಲಿ ಬರುವ ಖಿನ್ನತೆ. ಚಳಿಗಾಲದ್ದರಲ್ಲಿ ನಿದ್ದೆ ಜಾಸ್ತಿ, ಹಸಿವು ಜಾಸ್ತಿ. ಬೇಸಿಗೆಯದ್ದರಲ್ಲಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೂತಲ್ಲಿ ಕೂರಲಾಗದ ಚಡಪಡಿಕೆ. ಇದನ್ನು ಓದಿದಾಗ ನನಗೆ ಒಂಥರಾ ಸಮಾಧಾನವಾಯಿತು. ಪ್ರತಿ ಬೇಸಿಗೆಯಲ್ಲೂ ನಿಮಗೆ ಹೀಗೇ ಆಗುತ್ತಿದ್ದರೆ, ವಾರಗಟ್ಟಲೆ ಬಿಡದೆ ಕಾಡುತ್ತಿದ್ದರೆ, "ನನ್ನ ಸ್ವಭಾವವೇ ಇಷ್ಟು" ಅಂತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ.

ಮನಸ್ಸಿನ ಕಾಯಿಲೆಗೆ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಇನ್ನೊಂದು ಮಾತು. ಕೆಲವು ಔಷಧಿಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ. ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅಪಾಯಕ್ಕೆ ಏರಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬೇಸಿಗೆ ಶುರುವಾಗುವ ಮೊದಲೇ ಒಂದು ಸಲ ಕೇಳಿಕೊಂಡು ಬನ್ನಿ.

ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೇ ಗೊತ್ತು. ಎರಡೇ ಮಾತು. ಬಿಸಿಲಲ್ಲಿ ಕೆಲಸ ಮಾಡುವವರು ಒಂದೇ ಸಲ ಚೊಂಬುಗಟ್ಟಲೆ ಕುಡಿಯುವ ಬದಲು 15-20 ನಿಮಿಷಕ್ಕೊಂದು ಲೋಟ ಕುಡಿದರೆ ಒಳ್ಳೆಯದು. ಗಂಟೆಗಟ್ಟಲೆ ಬೆವರಿ, ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ತೊಂದರೆಯೇ. ಎರಡನೆಯದು ವಯಸ್ಸಾದವರ ವಿಷಯ. ವಯಸ್ಸಾದಂತೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. "ನೀರು ಬೇಕಾ ಅಪ್ಪಾ?" ಅಂದರೆ ನಮ್ಮಪ್ಪ "ಬೇಡ" ಅಂತಾರೆ. ಕೇಳದೆ ಪಕ್ಕದಲ್ಲಿ ಇಟ್ಟು ಬಂದರೆ ಹತ್ತು ನಿಮಿಷದಲ್ಲಿ ಲೋಟ ಖಾಲಿ. ಈಗ ಕೇಳುವುದನ್ನೇ ಬಿಟ್ಟಿದ್ದೇನೆ.

2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಗಾಳಿಗೆ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಫ್ರಾನ್ಸ್ ಒಂದರಲ್ಲೇ ಸುಮಾರು 15 ಸಾವಿರ. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರೂ ಅದರಲ್ಲಿ ಬಹಳ. ಇದನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು, ಬಿಸಿಲಿನ ದಿನ ಒಂಟಿಯಾಗಿರುವ ಒಬ್ಬರಿಗೆ ಫೋನ್ ಮಾಡಿ ಮಾತಾಡಿಸುವುದೂ ನೀರು ಕೊಟ್ಟಷ್ಟೇ ದೊಡ್ಡ ಕೆಲಸ ಅಂತ. ಮಾತಾಡುವಾಗ ದನಿ ಗಮನಿಸಿ. ಮಾತು ತೊದಲುತ್ತಿದ್ದರೆ, ಏನೇನೋ ಹೇಳುತ್ತಿದ್ದರೆ, ಅದು ಆಯಾಸ ಅಂತ ಸುಮ್ಮನಾಗಬೇಡಿ. ಮೈಬಿಸಿ 40 ಡಿಗ್ರಿ ದಾಟಿ ತಲೆ ಮಂಕಾಗುವುದು ಹೀಟ್ ಸ್ಟ್ರೋಕ್, ಒಂದೊಂದು ನಿಮಿಷವೂ ಮುಖ್ಯ. ಮೊದಲು ಆಂಬುಲೆನ್ಸ್ ಕರೆಸಿ. ಅದು ಬರುವವರೆಗೆ ನೆರಳಿಗೆ ಕರೆತಂದು ಮೈಗೆ ನೀರು ಹಾಕುತ್ತಾ ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಸೆಕೆ ಹೊಸದಾಗಿ ಶುರುವಾದ ಮೊದಲ ವಾರ, ಹತ್ತು ದಿನ ಎಲ್ಲರಿಗೂ ಕಷ್ಟ. ಮೈ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟು ದಿನ ವ್ಯಾಯಾಮ ಕಡಿಮೆ ಮಾಡಿದರೆ ಸೋಮಾರಿ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಈ ಸಲ ಒಂದು ಕಾನೂನು ಮಾಡಿದ್ದೇವೆ. ಮಧ್ಯಾಹ್ನ 12ರಿಂದ 4ರವರೆಗೆ ದುಡ್ಡಿನ ಮಾತು, ಮದುವೆ ಮಾತು, "ನೀನು ಯಾವಾಗಲೂ ಹೀಗೇ" ಅನ್ನುವ ಮಾತು ಯಾವುದೂ ಇಲ್ಲ. ಏನಿದ್ದರೂ ಸಂಜೆ. ತಮಾಷೆ ಅಂದರೆ ಸಂಜೆ ಹೊತ್ತಿಗೆ ಅರ್ಧ ಜಗಳ ಮರೆತೇ ಹೋಗಿರುತ್ತದೆ.

ಮೊನ್ನೆ ರಾತ್ರಿ ಒಂಬತ್ತರ ಹೊತ್ತಿಗೆ ಅಪ್ಪ ಕಿಟಕಿ ಹತ್ತಿರ ನಿಂತು, ಚಿಲಕದ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿದರು.

"ಈಗ ತೆಗೀಬಹುದಾ ಮೇಡಂ?"

"ತೆಗೀರಿ ಅಪ್ಪಾ."

ತೆಗೆದರು. ಒಂದು ಎಳೆ ಗಾಳಿ ಇರಲಿಲ್ಲ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.