ಅಕ್ಷರ ಅದಲುಬದಲಾದರೂ ಓದಬಹುದಾ?

ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಸಾಕು, ನಡುವಿನವು ಹೇಗಿದ್ದರೂ ಮಿದುಳು ಓದಿಕೊಳ್ಳುತ್ತದೆ. ಹೀಗೆ ಹೇಳುವ, ತಾನೂ ಹಾಗೇ ಅಕ್ಷರ ಅದಲುಬದಲು ಮಾಡಿ ಬರೆದಿರುವ ಇಂಗ್ಲಿಷ್ ಮೆಸೇಜು 2003ರಿಂದ ಸುತ್ತುತ್ತಲೇ ಇದೆ. ಅದನ್ನು ನಂಬಿ, ಮಕ್ಕಳಿಗೆ ಫೋನಿಕ್ಸ್ (ಅಕ್ಷರಗಳ ಸದ್ದು ಕೂಡಿಸಿ ಓದಿಸುವ ಕ್ರಮ) ಯಾಕೆ, ಇಡೀ ಪದ ತೋರಿಸಿದರೆ ಸಾಕಲ್ವಾ ಅನ್ನುವವರೂ ಇದ್ದಾರೆ.

ಮೆಸೇಜು ಹೆಸರಿಸುವ ವಿಶ್ವವಿದ್ಯಾಲಯದಲ್ಲಿ ಅಂಥ ಸಂಶೋಧನೆ ನಡೆದಿರಲಿಲ್ಲ. ಆದರೂ ಅದು ಸಲೀಸಾಗಿ ಓದಿಸಿಕೊಳ್ಳುತ್ತದೆ, ನಂಬಿದವರದು ತಪ್ಪೇನಿಲ್ಲ. ಗುಟ್ಟು ಇಷ್ಟೇ: ಎರಡು ಮೂರು ಅಕ್ಷರದ ಪದಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ಉದ್ದದ ಪದಗಳಲ್ಲೂ ಎಷ್ಟೋ ಕಡೆ ಪಕ್ಕಪಕ್ಕದ ಅಕ್ಷರ ಮಾತ್ರ ಜಾಗ ಬದಲಿಸಿರುತ್ತವೆ. ಉಳಿದದ್ದನ್ನು ಓದಿ ಪಳಗಿದ ಕಣ್ಣು ಊಹಿಸುತ್ತದೆ.

ನೀವೇ ನೋಡಿ. ಕ್ಯಾಲೆಂಡರ್ ಹಾಳೆಯ ಹಿಂದೆ ‘ಚಿಪುಳ್ಳಾಬಕ್ಕರ’ ಅಂತ ಬರೆದು, ಏನನ್ನೂ ಹೇಳದೆ ಮನೆಯವರಿಗೆ ತೋರಿಸಿ. ಮೊದಲ, ಕೊನೆಯ ಅಕ್ಷರ ಸರಿಯಾಗೇ ಇವೆ. ಚಿಕ್ಕಬಳ್ಳಾಪುರದವರೇ ತಡವರಿಸಬಹುದು! ಇಂಥ ಮೆಸೇಜು ಬಂದಾಗ ಅದೇ ಕೊಟ್ಟ ಉದಾಹರಣೆ ಬಿಟ್ಟು ನಿಮ್ಮದೊಂದನ್ನು ಹಾಕಿ ನೋಡಿ. ಸಂಶೋಧನೆ ಯಾರದು, ಯಾವ ವರ್ಷದ್ದು ಅಂತಲೂ ಹುಡುಕಿ.

ಕಲಿಯುವ ಮಗುವಿಗೆ ಊಹಿಸಲು ಪದಗಳ ಗಂಟು ಇನ್ನೂ ಇಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ. ನಮ್ಮ ‘ಕ’ದ ಹೆಸರೂ ‘ಕ’, ಸದ್ದೂ ‘ಕ’. ಅಲ್ಲಿ ‘ಸಿ’ ಅನ್ನುವ ಅಕ್ಷರ ‘ಕ್ಯಾಟ್’ನಲ್ಲಿ ‘ಕ್’ ಅನ್ನುತ್ತದೆ. ಮನೆಯಲ್ಲಿ ಹೇಳಿಕೊಡುವಾಗ ‘ಸಿ-ಎ-ಟಿ’ಗಿಂತ ಮೊದಲು ‘ಕ್-ಆ್ಯ-ಟ್’ ಅಂತ ಸದ್ದು ಕೂಡಿಸಿ. ದಿನಕ್ಕೆ ಹತ್ತು ನಿಮಿಷ ಸಾಕು.