ಅರ್ಮೇನಿಯನ್ನರ ವಲಸೆ 1915ಕ್ಕೆ ಶುರುವಾಗಿದ್ದಲ್ಲ

"ಅರ್ಮೇನಿಯನ್ನರು ಜಗತ್ತಿನ ತುಂಬಾ ಹರಡಿದ್ದು 1915ರ ಹತ್ಯಾಕಾಂಡದ ನಂತರವೇ" ಎಂಬ ಮಾತು ಹರಿದಾಡುತ್ತಿದೆ. ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯ ತನ್ನ ಅರ್ಮೇನಿಯನ್ ಪ್ರಜೆಗಳನ್ನು ಸಾಮೂಹಿಕವಾಗಿ ಕೊಂದ ಘಟನೆ ಅದು. ಆದರೆ ಈ ಮಾತು ಅರ್ಧ ಮಾತ್ರ ನಿಜ.

ಅರ್ಮೇನಿಯನ್ನರ ಮೂಲ ನೆಲ ಈಗಿನ ಪೂರ್ವ ಟರ್ಕಿಯಲ್ಲಿರುವ ಅರಾರತ್ ಬೆಟ್ಟ, ವಾನ್ ಸರೋವರದ ಸುತ್ತಲಿನ ಎತ್ತರದ ನಾಡು. ಇರಾನಿನಲ್ಲಿರುವ, ಸುಮಾರು 2,500 ವರ್ಷ ಹಳೆಯ ಬೆಹಿಸ್ತೂನ್ ಬಂಡೆ ಶಾಸನದಲ್ಲೇ 'ಅರ್ಮಿನ' ಎಂಬ ಹೆಸರಿದೆ. ಅಲ್ಲಿಂದ ಹೊರಗೆ ಹೋಗುವುದೂ ತುಂಬಾ ಹಿಂದೆಯೇ ಶುರುವಾಯಿತು. 1604–05ರಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಅರಸ್ ನದಿ ದಡದ ಜುಲ್ಫಾ ಊರಿನವರನ್ನು ಬಲವಂತವಾಗಿ ಇಸ್ಫಹಾನ್‌ಗೆ ಸಾಗಿಸಿದ. ಅವರು ಅಲ್ಲಿ ಕಟ್ಟಿದ ಹೊಸ ಜುಲ್ಫಾದ ವ್ಯಾಪಾರಿಗಳು ರೇಷ್ಮೆ ಹಿಡಿದು ವೆನಿಸ್‌ವರೆಗೂ ಹೋದರು, ನಮ್ಮ ಸೂರತ್, ಮದ್ರಾಸಿಗೂ ಬಂದರು.

ಚೆನ್ನೈಗೆ ಹೋದರೆ ಅರ್ಮೇನಿಯನ್ ಬೀದಿಗೆ ಒಮ್ಮೆ ಹೋಗಿ. ಅಲ್ಲಿ 1772ರ ಚರ್ಚ್ ಇದೆ. ಗೋಪುರದಲ್ಲಿ ಆರು ದೊಡ್ಡ ಗಂಟೆಗಳು, ಅಂಗಳದ ನೆಲದಲ್ಲಿ ಅರ್ಮೇನಿಯನ್ ಲಿಪಿ ಕೆತ್ತಿದ ಸಮಾಧಿ ಕಲ್ಲುಗಳು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅಚ್ಚಾಗಿದ್ದೂ ಮದ್ರಾಸಿನಲ್ಲೇ, 1794ರಲ್ಲಿ! ಅದನ್ನು ಹೊರತಂದವರು ಪಾದ್ರಿ ಹರುತ್ಯುನ್ ಶ್ಮಾವೋನ್ಯನ್. ಹತ್ಯಾಕಾಂಡಕ್ಕೆ ನೂರು ವರ್ಷಕ್ಕೂ ಜಾಸ್ತಿ ಹಿಂದಿನ ಮಾತಿದು, ಅಲ್ವಾ?

ಹಾಗಂತ 1915ನ್ನು ಸಣ್ಣದು ಮಾಡುವಂತಿಲ್ಲ. ಲೆಬನಾನ್, ಸಿರಿಯಾ, ಫ್ರಾನ್ಸ್‌ನ ದೊಡ್ಡ ಅರ್ಮೇನಿಯನ್ ಸಮುದಾಯಗಳು ಬೆಳೆದಿದ್ದು ಮುಖ್ಯವಾಗಿ ಆಗ ಬದುಕುಳಿದು ಬಂದವರಿಂದಲೇ.